ಸವತಿಯ ಪಾತಿಯ ಬಿಸಿಲು

ಆ ವರ್ಷ ತೀಡಾಳ ಈರುಳ್ಳಿ ಮೇಕೆಯ ಹಿಕ್ಕೆಗಿಂತ ದಪ್ಪವಾಗಲಿಲ್ಲ.

ನೀರಿಗೇನೂ ಕಡಿಮೆ ಮಾಡಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಬಾವಿಕಟ್ಟೆಗೆ ಬಂದರೆ ಬಿಸಿಲೇರುವ ತನಕ ಸೇದುತ್ತಿದ್ದಳು. ಅಂಗೈ ಹಗ್ಗಕ್ಕಿಂತ ಒರಟಾಗಿತ್ತು. ದೊಡ್ಡಿಯ ಗೊಬ್ಬರವನ್ನು ಬುಟ್ಟಿಗಟ್ಟಲೆ ತಲೆಯ ಮೇಲೆ ಹೊತ್ತು ತಂದು ಸುರಿದಿದ್ದಳು. ಕಡಿಮೆಯಾಗಿದ್ದು ಬಿಸಿಲು. ಅವಳ ಪಾತಿಗಳ ನಡುವೆ ನೆಲದೊಡೆಯ ಹಾಜಿಯ ಕಿತ್ತಳೆ, ಮಾವಿನ ಗಿಡಗಳು ಆಳೆತ್ತರ ಬೆಳೆದು ನೆರಳು ಚೆಲ್ಲಿದ್ದವು.

ಬದುವಿನ ಆಚೆ ಸವತಿ ನ್ಯಿಮಾಳ ಪಾತಿ. ಅಲ್ಲಿ ಒಂದು ಗಿಡವೂ ಇಲ್ಲ. ಬೆಳಗಿನಿಂದ ಬೈಗಿನವರೆಗೆ ಬಿಸಿಲು ಅಲ್ಲೇ ಬಿಡಾರ ಹೂಡಿದಂತಿತ್ತು. ಈರುಳ್ಳಿ ಮುಷ್ಟಿ ಗಾತ್ರ. ಪುಂಡಿ ಸೊಪ್ಪು ಸೊಂಟದೆತ್ತರ. ಅದನ್ನು ನೋಡಿದಾಗಲೆಲ್ಲ ತೀಡಾ ಕೈಲಿದ್ದ ಬುಟ್ಟಿಯನ್ನು ನೆಲಕ್ಕೆ ಕುಕ್ಕುತ್ತಿದ್ದಳು.

"ಅವಳ ಪಾತೀಲಿ ಮಾತ್ರ ಹಾಜಿ ಗಿಡ ಯಾಕೆ ಸಾಯುತ್ತೆ?" ಎಂದು ಪಕ್ಕದ ಪಾತಿಯ ಹೆಂಗಸನ್ನು ಕೇಳಿದಳು.

"ಗೆದ್ದಲಂತೆ. ಅವಳೇ ಅತ್ಕೊಂಡು ಹಾಜಿಗೆ ಹೇಳಿದ್ಲು."

"ಬದುವಿನ ಈಚೆ ಬರದ ಗೆದ್ದಲು! ಅವಳ ಸೊಂಟ ನೋಡಿದೀಯಾ? ಹಾಜಿ ಕಣ್ಣಿಗೆ ಗೆದ್ದಲು ಹಿಡಿದಿರೋದು."

ಇಬ್ಬರೂ ನಕ್ಕರು.

ವರ್ಷಗಳ ಹಿಂದೆ ಗ್ಯಾಂಬಿಯಾ ನದಿಯ ಉಪ್ಪು ನೀರು ನುಗ್ಗಿ ಹೆಂಗಸರ ಭತ್ತದ ಗದ್ದೆಗಳು ಹಾಳಾದಾಗ, ಊರ ತಗ್ಗಿನ ಈ ನೆಲ ಬರೀ ಮುಳ್ಳು, ಹಾವು. ಹಾಜಿ ಅನ್ಸುಮಾನಾ ಊರು ಕಟ್ಟಿದ ಮನೆತನದವನು, ನೆಲ ಅವನದು. ಹೆಂಗಸರು ಹೋಗಿ ಕೇಳಿದರು. "ಮಾಡ್ಕೊಳ್ಳಿ" ಎಂದ. ಅವರು ಬಾವಿ ತೋಡಿದರು, ಮುಳ್ಳು ಕಡಿದು ಬೇಲಿ ಕಟ್ಟಿದರು. ಗಂಡಸರ ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷವೂ ಊರಿನ ಒಲೆಗಳು ಈ ತೋಟದಿಂದಲೇ ಉರಿದವು. ಕಟ್ಟೆಯ ಮೇಲೆ ಕೂತ ಗಂಡಸರು ತೀಡಾಳ ಗಂಡನನ್ನು ಕಿಚಾಯಿಸುತ್ತಿದ್ದರು: "ಏನೋ ಬುರಾಮಾ, ಹೆಂಡ್ತೀರಿಬ್ರೂ ಗಂಡನ ಮನೆಗೆ ಹೋದ್ರಾ?" ಗಂಡನ ಮನೆಯೆಂದರೆ ತೋಟ. ಬುರಾಮಾ ಮುಖ ಗಂಟಿಕ್ಕುತ್ತಿದ್ದ. ಊಟಕ್ಕೆ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿದ್ದ.

ನೆಲ ಹಸಿರಾದ ಮೇಲೆ ಪಟ್ಟಣದ ಸಾಹೇಬನೊಬ್ಬ ಜೀಪು ತುಂಬ ಸಸಿ ತಂದ. "ಮರ ಬೆಳೆಸಿ, ಮರುಭೂಮಿ ತಡೀರಿ" ಎಂದು ಭಾಷಣ ಮಾಡಿದ. ಹಾಜಿ ಸಸಿಗಳನ್ನು ಹೆಂಗಸರ ಪಾತಿಗಳಲ್ಲೇ ನೆಡಿಸಿದ.

"ಈರುಳ್ಳಿಗೆ ಹಾಕೋ ನೀರಲ್ಲೇ ಒಂದು ತಂಬಿಗೆ ಗಿಡಕ್ಕೂ ಹಾಕಿ. ಗಿಡಕ್ಕೆ ನೀರು ಹಾಕದೋರಿಗೆ ಪಾತಿ ಇಲ್ಲ."

ಹಾಕಿದರು. ತೀಡಾ ಎಲ್ಲರಿಗಿಂತ ಚೆನ್ನಾಗಿ ಹಾಕಿದಳು.

ಸಂತೆಯ ದಿನ ನ್ಯಿಮಾ ಮೂಟೆ ಈರುಳ್ಳಿ ಮಾರಿ, ಗಂಡನಿಗೆ ಕಸೂತಿಯ ಟೋಪಿ ತಂದಳು. ಬುರಾಮಾ ಅದನ್ನು ತಲೆಗಿಟ್ಟು, ಇಬ್ಬರು ಹೆಂಡಿರ ಮುಂದೆಯೇ ಕನ್ನಡಿ ನೋಡಿಕೊಂಡ.

"ನೋಡು ತೀಡಾ, ಕಿರಿಯಳ ಕೈಗುಣ! ನಿನ್ನ ಪಾತೀಗೇನು ಬಂತು ರೋಗ?"

"ನನ್ನ ಪಾತೀಗೆ ರೋಗ ಇಲ್ಲ. ಮರ್ಯಾದೆ ಇದೆ," ಎಂದು ತೀಡಾ ಬಟ್ಟಲು ಕುಕ್ಕಿ ಎದ್ದುಹೋದಳು.

ಮರುದಿನ ಅವಳು ಮನೆಗೆ ಹೋಗುವವಳಂತೆ ಹೊರಟು, ಬೇಲಿಯ ಮರೆಯಲ್ಲಿ ಕುಳಿತಳು. ಹಾಜಿ ಬರುತ್ತಾನೆ, ಇಬ್ಬರನ್ನೂ ಒಟ್ಟಿಗೆ ಹಿಡಿಯುತ್ತೇನೆ ಎಂದುಕೊಂಡಿದ್ದಳು. ಹಾಜಿ ಬರಲಿಲ್ಲ. ನಡುಹಗಲ ನಮಾಜಿಗೆ ಹೆಂಗಸರೆಲ್ಲ ಬಾವಿಯ ಬಳಿ ಸಾಲಾಗಿ ನಿಂತರು. ನ್ಯಿಮಾ ಮಾತ್ರ ಹಿಂದುಳಿದು, ತೋಟದಲ್ಲೇ ಹೂಡಿದ್ದ ಗಂಜಿಯ ಒಲೆಯಿಂದ ಕುದಿಯುವ ನೀರಿನ ಪಾತ್ರೆ ಇಳಿಸಿದಳು. ಸೆರಗಿನಲ್ಲಿ ಹಿಡಿದು ತಂದು, ಹಾಜಿ ಅವಳ ಪಾತಿಯಲ್ಲಿ ಮೊನ್ನೆ ಮೊನ್ನೆ ಮತ್ತೆ ನೆಡಿಸಿದ ಸಸಿಯ ಬುಡಕ್ಕೆ ನಿಧಾನವಾಗಿ ಹೊಯ್ದಳು. ಆವಿ ಎದ್ದಿತು. ಆಮೇಲೆ ಕೈಕಾಲು ತೊಳೆದು, ಓಡಿಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

ತೀಡಾಳ ಎದೆ ಕುಣಿಯಿತು. ಸಿಕ್ಕಿಬಿದ್ದೆಯಲ್ಲೇ!

ನೇರ ಹಾಜಿಯ ಮನೆಗೆ ಹೋದಳು. ಅವನು ಅಂಗಳದ ನೆರಳಿನಲ್ಲಿ ಒರಗಿಕೊಂಡು ನೊರೆಯೆಬ್ಬಿಸಿದ ಹಸಿರು ಚಹಾ ಹೀರುತ್ತಿದ್ದ.

"ಬಾಮ್ಮ ತೀಡಾ. ಮನೇಲಿ ಎಲ್ಲಾ ಕ್ಷೇಮಾನಾ?"

"ಕ್ಷೇಮ, ಹಾಜಿ."

"ಬುರಾಮಾ?"

"ಕ್ಷೇಮ."

"ನಿನ್ನ ಸವತಿ?"

"ಅವಳ ವಿಷ್ಯಾನೇ ಹೇಳೋಕೆ ಬಂದೆ."

ಹೇಳಿಬಿಟ್ಟಳು. ಹೇಳುವಾಗ ಬಾಯಿ ಸಿಹಿಯಾಗಿತ್ತು. ಹಾಜಿ ಲೋಟ ಕೆಳಗಿಟ್ಟ.

"ನಂಗೆ ಗೆದ್ದಲು ಅಂತ ಸುಳ್ಳು ಹೇಳಿದ್ಲಲ್ಲ, ಹಲ್ಕಟ್! ನಾಳೆಯಿಂದ ಅವಳು ತೋಟಕ್ಕೆ ಕಾಲಿಡಬಾರದು. ಅವಳ ಪಾತಿ ನಿಂಗೆ. ದೊಡ್ಡ ಸಸಿಗಳನ್ನೇ ಕಳಿಸ್ತೀನಿ, ನೀನೇ ನೋಡ್ಕೋ. ನೀರು ಹಾಕೋದ್ರಲ್ಲಿ ನಿನ್ನಂಥೋಳಿಲ್ಲ. ಇನ್ನೆರಡು ಮಳೆಗಾಲ ಅಷ್ಟೇ, ಬೇರು ತಾನೇ ನೀರು ಹುಡುಕ್ಕೊಳ್ಳುತ್ತೆ."

"ಆಮೇಲೆ ನಾವು, ಹಾಜಿ?"

"ನೀವೇನು?"

"ನಮ್ಮ ಈರುಳ್ಳಿ?"

ಹಾಜಿ ನಕ್ಕ. ಕೆಟ್ಟ ನಗುವೇನಲ್ಲ; ಮಕ್ಕಳ ಮಾತಿಗೆ ನಗುವ ಹಾಗೆ. "ಹಣ್ಣಿನ ತೋಟದಲ್ಲಿ ಯಾರಾದ್ರೂ ಈರುಳ್ಳಿ ಬೆಳೀತಾರೇನಮ್ಮ? ಮನೇಲಿ ಆರಾಮಾಗಿರಿ."

ತೀಡಾ ಸಲಾಮು ಹೇಳಿ ಎದ್ದಳು. ಗೆದ್ದಿದ್ದಳು. ಮನೆಯ ದಾರಿಯಲ್ಲಿ ಮಾತ್ರ ಹಾಜಿಯ ಮಾತನ್ನೇ ಮತ್ತೆ ಮತ್ತೆ ಹೇಳಿಕೊಂಡಳು: ಇನ್ನೆರಡು ಮಳೆಗಾಲ. ಆ ಸಂಜೆ ಅಡುಗೆ ಸರದಿ ನ್ಯಿಮಾಳದು. ಕಡಲೆಕಾಯಿ ಸಾರಿನ ಬಟ್ಟಲಿಗೆ ಇಬ್ಬರೂ ಒಟ್ಟಿಗೇ ಕೈ ಹಾಕಿದರು. ನ್ಯಿಮಾ ಎಂದಿನಂತೆ ಮೀನಿನ ದೊಡ್ಡ ಹೋಳನ್ನು ಹಿರಿಯಳ ಕಡೆ ಸರಿಸಿದಳು. ತೀಡಾಳಿಗೆ ಅದು ಮುಳ್ಳಿನ ಮುದ್ದೆಯಾಗಿ ಕಂಡಿತು.

ಬೆಳಿಗ್ಗೆ ತೋಟದ ಬಾಗಿಲಲ್ಲೇ ಹಾಜಿಯ ಆಳು ನ್ಯಿಮಾಳ ಬುಟ್ಟಿ ಕಿತ್ತು ಆಚೆ ಎಸೆದ. ಹೆಂಗಸರು ಹಗ್ಗ ಬಿಟ್ಟು ಓಡಿಬಂದರು. ಹಾಜಿಯೂ ಬಂದು ನಿಂತಿದ್ದ.

"ಬಿಸಿನೀರು ಹೊಯ್ದು ನನ್ನ ಗಿಡ ಕೊಂದ್ಲು. ಇವಳ ಮನೆಯೋಳೇ ಕಣ್ಣಾರೆ ನೋಡಿದಾಳೆ."

ನ್ಯಿಮಾ ತಿರುಗಿ ತೀಡಾಳನ್ನು ನೋಡಿದಳು. ಅಳಲಿಲ್ಲ.

"ಅಕ್ಕಾ, ಬಿಸಿಲು ನಿಂಗೂ ಬೇಕಾಗಿತ್ತಲ್ವಾ? ಕೇಳಿದ್ರೆ ಹೇಳ್ಕೊಡ್ತಿದ್ದೆ."

"ನೀನೇ ಯಾಕೆ ಹೇಳ್ಲಿಲ್ಲ?"

"ನಾನು ಮನೆ ತುಂಬಿದ ದಿನದಿಂದ ನಿನ್ನ ಕಣ್ಣು ನನ್ನ ಮೇಲೆ ಕೆಂಡ ಸುರೀತಾನೇ ಇದೆ. ಕೆಂಡದ ಹತ್ರ ಯಾರು ಗುಟ್ಟು ಹೇಳ್ತಾರೆ?"

ಆಳು ತೀಡಾಳ ಕೈಗೆ ಹೊಸ ಸಸಿ ಕೊಟ್ಟು, "ಅವಳ ಪಾತೀಲಿ ನೆಡು" ಎಂದ. ತೀಡಾ ನ್ಯಿಮಾಳ ಪಾತಿಗೆ ಕಾಲಿಟ್ಟಳು. ಬಿಸಿಲು ಮೈಮೇಲೆ ಬಿತ್ತು. ಎಷ್ಟು ದಿನದಿಂದ ಆಸೆಪಟ್ಟಿದ್ದ ಬಿಸಿಲು! ಸುತ್ತಲೂ ಹೆಂಗಸರು ನಿಂತಿದ್ದರು. ಒಬ್ಬೊಬ್ಬರ ಪಾತಿಯಲ್ಲೂ ನೆರಳು, ನೆರಳಿನಲ್ಲಿ ಹಳದಿಗಟ್ಟಿದ ಸೊಪ್ಪು.

"ಕೇಳ್ರೇ," ಎಂದಳು ತೀಡಾ. "ನಿನ್ನೆ ಹಾಜಿ ನಂಗೆ ಹೇಳಿದ್ದು ಕೇಳಿ. ಇನ್ನೆರಡು ಮಳೆಗಾಲ ಆದ್ಮೇಲೆ ಮರಕ್ಕೆ ನಮ್ಮ ನೀರು ಬೇಡ. ಆಮೇಲೆ ನಾವೂ ಬೇಡ. ಹಣ್ಣಿನ ತೋಟದಲ್ಲಿ ಈರುಳ್ಳಿ ಇಲ್ಲ. ಮನೇಲಿ ಆರಾಮಾಗಿರ್ಬೇಕಂತೆ."

"ಹಂಗಂದ್ರಾ, ಹಾಜಿ?" ಮುಪ್ಪಿನ ಸೋನಾ ಅಜ್ಜಿ ಊರುಗೋಲಿನ ಮೇಲೆ ಬಾಗಿ ಕೇಳಿದಳು.

"ನೆಲ ನಂದು."

"ನೆಲ ನಿಂದೇ ಕಣಪ್ಪಾ. ಬಾವಿ ತೋಡಿದ ಮಣ್ಣು ಯಾರ ತಲೆ ಮೇಲಿತ್ತು? ನಿನ್ನ ಮರದ ಬೇರು ಕುಡಿದಿದ್ದು ಯಾರ ರಟ್ಟೆ ಸೇದಿದ ನೀರು?"

ಹಾಜಿ ಬಾಯಿ ತೆರೆಯುವ ಮುಂಚೆ ತೀಡಾ ಸಸಿ ಬಿಸಾಡಿ, ಬದು ದಾಟಿ ತನ್ನ ಪಾತಿಗೆ ನಡೆದಳು. ತೋಟದಲ್ಲೇ ಚೆಂದದ ಕಿತ್ತಳೆ ಗಿಡ ಅವಳದು. ಆ ವರ್ಷ ಮೊದಲ ಹೂ ಬಿಟ್ಟಿತ್ತು. ಬೇಲಿಗೆ ಮುಳ್ಳು ಕಡಿಯುವ ಮಚ್ಚು ಎತ್ತಿದಳು. ಮಗುವಿನ ಹಾಗೆ ಸಾಕಿದ ಗಿಡ. ಬುಡಕ್ಕೆ ಬೀಸಿದಳು. ಗಿಡ ವಾಲಿ ಈರುಳ್ಳಿಯ ಮೇಲೆ ಬಿತ್ತು. ನೆರಳಿದ್ದಲ್ಲಿ ಬೆಳಕು ಬಂತು.

ಆಮೇಲೆ ಒಂದೊಂದಾಗಿ ಬೇರೆ ಪಾತಿಗಳಲ್ಲೂ ಮಚ್ಚಿನ ಸದ್ದು.

ಮಧ್ಯಾಹ್ನ ಹಾಜಿ ಹೇಳಿಕಳಿಸಿದ ಪೊಲೀಸರ ಪಿಕಪ್ಪು ಬಂತು. ಅದರ ಹಿಂದೆ ಬುರಾಮಾ, ಟೋಪಿ ಕೈಯಲ್ಲಿ ಹಿಡಿದು ಓಡಿಬಂದ.

"ಮೊದಲು ಕಡಿದೋಳು ಯಾರು? ಅವಳೊಬ್ಬಳು ಬಂದ್ರೆ ಸಾಕು," ಎಂದ ಪೊಲೀಸಿನವನು.

"ನಾನು," ಎಂದಳು ತೀಡಾ.

"ಇವಳ ಮಾತು ಕೇಳ್ಬೇಡಿ ಸಾಹೇಬ್ರೇ," ನ್ಯಿಮಾ ಅಡ್ಡ ಬಂದಳು. "ಇವಳು ಕಡಿದಿದ್ದು ಇವತ್ತು. ನಾನು ಹೋದ ವರ್ಷದಿಂದ ಸಾಯಿಸ್ತಾ ಬಂದಿದೀನಿ."

"ಕದ್ದು ಬಿಸಿನೀರು ಹೊಯ್ಯೋದೂ ಒಂದು ದೊಡ್ಡಸ್ತಿಕೆಯೇನೇ? ಎಲ್ಲರ ಮುಂದೆ ಮಚ್ಚು ಎತ್ತಿದ್ದು ನಾನು!"

"ಇದರಲ್ಲೂ ನೀನೇ ಹಿರೀಳಾಗ್ಬೇಕಾ?"

"ಸುಮ್ನಿರ್ರೇ ಇಬ್ರೂ," ಎಂದಳು ಸೋನಾ ಅಜ್ಜಿ. "ನಿಮ್ಮಿಬ್ರಿಗಿಂತ ಮೊದಲು ಹುಟ್ಟಿದೋಳು ನಾನು. ಮೊದಲು ಕಡಿದೋಳೂ ನಾನೇ." ಪಿಕಪ್ಪಿನ ಅಂಚು ಹಿಡಿದು ಕಾಲೆತ್ತಿದಳು. ಹೆಂಗಸರು ನುಗ್ಗಿದರು. ಭಾರಕ್ಕೆ ಗಾಡಿ ತಗ್ಗಿತು. ತೀಡಾ, ನ್ಯಿಮಾ ಮೊಣಕೈಯಲ್ಲಿ ಒಬ್ಬರನ್ನೊಬ್ಬರು ತಿವಿಯುತ್ತಲೇ ಒಂದೇ ಮೂಲೆಯಲ್ಲಿ ಕೂತರು. ಜಾಗ ಸಿಗದವರು ಮಚ್ಚು, ಗುದ್ದಲಿ ಹೆಗಲಿಗೇರಿಸಿ ಠಾಣೆಯ ದಾರಿ ಹಿಡಿದು ನಡೆದರು.

ತೋಟದ ನಡುವೆ ಹಾಜಿ ಒಬ್ಬನೇ ಉಳಿದ. ಮೇಲಿನ ಬದಿಯಲ್ಲಿ ಇನ್ನೂ ಕಡಿಯದ ಒಂದಷ್ಟು ಗಿಡಗಳು ಬೆಳಗಿನಿಂದ ನೀರಿಲ್ಲದೆ ಬಾಡಿ ನಿಂತಿದ್ದವು.

"ಏಯ್, ಉಳಿದ ಗಿಡಕ್ಕೆ ನೀರು ಯಾರು ಹಾಕ್ತೀರೇ?" ಎಂದು ಕೂಗಿದ.

ಗುದ್ದಲಿ ಹೊತ್ತ ಸಾಲು ನಡೆಯುತ್ತಲೇ ತಿರುವು ದಾಟಿತು.