ಹತ್ತೊಂಬತ್ತನೆಯ ಕಾಗದ

ಚಹಾದ ಬಿಡುವು ಹತ್ತು ನಿಮಿಷ. ಗಂಟೆ ಹೊಡೆದು, ಮಕ್ಕಳ ಹಿಂಡನ್ನು ದಾಟಿ, ಮೆಟ್ಟಿಲಿಳಿದು, ಸ್ಟಾಫ್ ರೂಮಿನಲ್ಲಿ ಲೋಟ ಕೈಗೆ ಬರುವಷ್ಟರಲ್ಲಿ ಅದರಲ್ಲಿ ಎರಡು ಹೋಗಿರುತ್ತಿತ್ತು. ಉಳಿದ ಎಂಟನ್ನು ನಾಲ್ಕು ಜನ ಸಮನಾಗಿ ಹಂಚಿಕೊಂಡಿದ್ದರು: ತಲೆಗೆ ಎರಡು ನಿಮಿಷ ಗೊಣಗಾಟ. ಪೀಟಿ ಮೇಷ್ಟ್ರು ಸ್ಟಾಪ್‌ವಾಚ್ ಒತ್ತುತ್ತಿದ್ದರು, ಸಮಯ ಮುಗಿದ ಕೂಡಲೇ ಸೀಟಿ ಊದುತ್ತಿದ್ದರು. ವಾಕ್ಯ ಅರ್ಧದಲ್ಲಿದ್ದರೆ ಅರ್ಧಕ್ಕೇ ನಿಲ್ಲಿಸಬೇಕು, ಮರುದಿನ ಅಲ್ಲಿಂದಲೇ ಮುಂದುವರಿಸಬೇಕು. ಕೇಳುವವರು ಪರಿಹಾರ ಹೇಳುವಂತಿಲ್ಲ. "ಹಾಗಾದ್ರೆ ಒಂದು ಕೆಲ್ಸ ಮಾಡಿ" ಎಂದು ಬಾಯಿಬಿಟ್ಟವರು ಅವತ್ತು ಎಲ್ಲರ ಲೋಟ ತೊಳೆಯಬೇಕು. ಈ ಕಾನೂನು ಬಂದ ಮೇಲೆ ಲೋಟ ತೊಳೆಯುವವರೇ ಇರಲಿಲ್ಲ.

"ಗೋಡೆ ಕಂಡಲ್ಲೆಲ್ಲ ಬರೆಸ್ತಾರೆ," ಎನ್ನುತ್ತಿದ್ದರು ಡ್ರಾಯಿಂಗ್ ಮೇಷ್ಟ್ರು. "ನಿನ್ನೆ ಹೆಡ್‌ಮಾಸ್ಟರ್ ಮನೆ ಗೇಟಿಗೆ 'ನಾಯಿ ಇದೆ' ಅಂತ ಬರೆಸಿದ್ರು. ನಾಯಿ ಎಲ್ಲಿ ಸಾರ್ ಅಂದೆ. ಅದನ್ನೂ ನೀವೇ ಬರೆದ್ಬಿಡಿ ಅಂದ್ರು."

ಸೀಟಿ.

ಲೆಕ್ಕದ ಮೇಡಂ ಈ ಶಾಲೆಗೆ ಎಲ್ಲರಿಗಿಂತ ಹಳಬರು. ಹೆಡ್‌ಮಾಸ್ಟರೂ ಅವರನ್ನು 'ಅಕ್ಕಾ' ಎಂದೇ ಕರೆಯುತ್ತಿದ್ದರು. ಅಕ್ಕ ತಮ್ಮ ಎರಡು ನಿಮಿಷವನ್ನು ಸೆಕೆಂಡೂ ಪೋಲಾಗದಂತೆ ಬಳಸಿ, ಸೀಟಿಗೆ ಸರಿಯಾಗಿ ಪೂರ್ಣವಿರಾಮ ಇಡುತ್ತಿದ್ದರು. ಪೀಟಿ ಮೇಷ್ಟ್ರು ತಮ್ಮ ಸರದಿಯಲ್ಲೂ ತಾವೇ ಸೀಟಿ ಊದಿಕೊಳ್ಳುವಷ್ಟು ನಿಯತ್ತಿನ ಮನುಷ್ಯ. ನಾಲ್ಕನೆಯವರು ವಿಜ್ಞಾನದ ಮೇಡಂ. ಹದಿನೈದು ದಿನದಿಂದ ಅವರು ತಮ್ಮ ಸರದಿ ಬಂದಾಗ "ನಂದೇನಿಲ್ಲ, ಮುಂದಿನವರಿಗೆ ಕೊಡಿ" ಎಂದು ಲೋಟದೊಳಗೆ ನೋಡುತ್ತ ಕೂರುತ್ತಿದ್ದರು.

ಗೊಣಗಲು ಇಲ್ಲದೆ ಏನಲ್ಲ. ಆರು ತರಗತಿಯ ಪಾಠದ ಮೇಲೆ, ಮಕ್ಕಳ ಕಣ್ಣಿನ ಸಮೀಕ್ಷೆ ಅವರದು, ಎತ್ತರ-ತೂಕದ ಪಟ್ಟಿ ಅವರದು, ಕಾಂಪೌಂಡಿನೊಳಗಿನ ಮರಗಳ ಎಣಿಕೆ ಅವರದು. ಕಳೆದ ತಿಂಗಳು ಮರಗಳಿಗೂ ಎತ್ತರ-ತೂಕ ಬರೆದು ಕಳಿಸಿ ಎಂದು ಮೇಲಿನ ಕಚೇರಿಯಿಂದ ನಮೂನೆ ಬಂದಿತ್ತು. ಅವರು ಬರೆದು ಕಳಿಸಿಯೂ ಇದ್ದರು.

ಅದೆಲ್ಲ ಹೇಗೋ ನಡೆಯುತ್ತಿತ್ತು. ಆದರೆ ಒಂದು ಭಾನುವಾರ, ಮೇಡಂ ಅಡುಗೆಮನೆಯ ಮೇಜಿನ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದಾಗ, ಆರು ವರ್ಷದ ಮಗಳು ಬಾಗಿಲಲ್ಲಿ ಬಂದು ನಿಂತಳು. ಮಾತಾಡಲಿಲ್ಲ. ಕೈ ಎತ್ತಿ ನಿಂತಳು. ಅಮ್ಮ ತಲೆಯೆತ್ತಿ ನೋಡುವವರೆಗೆ ಎತ್ತಿದ ಕೈಗೆ ಇನ್ನೊಂದು ಕೈಯ ಆಸರೆ ಕೊಟ್ಟುಕೊಂಡು ನಿಂತೇ ಇದ್ದಳು. "ಏನೇ?" ಎಂದಾಗ "ನೀರು ಕುಡಿಯೋಕೆ ಹೋಗ್ಲಾ?" ಎಂದಳು.

ಅವತ್ತೇ ಮೇಡಂ ರಾಜೀನಾಮೆ ಬರೆದರು. ಸೋಮವಾರ ಒಯ್ದು ಗುಮಾಸ್ತರ ಟ್ರೇಗೆ ಹಾಕಿದರು.

ಗುಮಾಸ್ತರು ದಿನಕ್ಕೆ ಮೂರು ಕಾಗದ ಟೈಪು ಮಾಡುತ್ತಿದ್ದರು. ಎರಡಲ್ಲ, ನಾಲ್ಕಲ್ಲ. ಟೈಪಾಗಿ, ರವಾನೆ ಪುಸ್ತಕದಲ್ಲಿ ನಂಬರು ಬೀಳದ ಕಾಗದ ಅವರ ಪ್ರಕಾರ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ ಕಾಗದಕ್ಕೆ ಹೆಡ್‌ಮಾಸ್ಟರ್ ಓದದೆ ಸಹಿ ಹಾಕುತ್ತಿದ್ದರು. ಹೊಸ ಕಾಗದ ಟ್ರೇಯ ತಳಕ್ಕೆ, ಟೈಪು ಮೇಲಿನಿಂದ. ಕೆಂಪು ಟ್ಯಾಗು ಕಟ್ಟಿದ ತುರ್ತು ಕಾಗದ ಮಾತ್ರ ನೇರ ನೆತ್ತಿಗೆ. ಇಪ್ಪತ್ತೆರಡು ವರ್ಷದಲ್ಲಿ ಅವರು ಯಾವ ಕಾಗದವನ್ನೂ ಓವರ್‌ಟೇಕ್ ಮಾಡಲು ಬಿಟ್ಟಿರಲಿಲ್ಲ. ಅವರ ಹೆಂಡತಿ ಮನೆಗೆ ಬೇಗ ಬನ್ನಿ ಎಂದು ಕೊಟ್ಟ ಚೀಟಿಯೂ ಒಮ್ಮೆ ಸಾಲಿನಲ್ಲಿ ಕಾದು, ನಂಬರು ಪಡೆದು, ಒಂಬತ್ತು ದಿನದ ನಂತರ ಜಾರಿಗೆ ಬಂದಿತ್ತು.

ಅಕ್ಕ ತಮ್ಮದೊಂದು ಅರ್ಜಿ ಎಲ್ಲಿಗೆ ಬಂತೆಂದು ವಿಚಾರಿಸಲು ಹೋದಾಗ ಗುಮಾಸ್ತರು ಬೆರಳಿಗೆ ನೀರು ಹಚ್ಚಿಕೊಂಡು ಎಣಿಸಿದರು.

"ಹದಿನೇಳು, ನಿಮ್ಮದು ಹದಿನೆಂಟನೇದು ಅಕ್ಕಾ. ಹತ್ತೊಂಬತ್ತು ವಿಜ್ಞಾನದ ಮೇಡಂದು, ರಾಜೀನಾಮೆ. ಆಮೇಲೆ ಇನ್ನೇನಿಲ್ಲ."

"ಏನಂದ್ರಿ?"

"ಆಮೇಲೆ ಇನ್ನೇನಿಲ್ಲ ಅಂದೆ."

ಅಕ್ಕ ಪೀಟಿ ಮೇಷ್ಟ್ರನ್ನೂ ಡ್ರಾಯಿಂಗ್ ಮೇಷ್ಟ್ರನ್ನೂ ಸೈಕಲ್ ಸ್ಟ್ಯಾಂಡಿಗೆ ಕರೆದರು. "ಹದಿನೆಂಟು ಭಾಗಿಸು ಮೂರು, ಆರು. ಏಳನೇ ದಿನ ಅವಳ ಕಾಗದ ಟೈಪಾಗುತ್ತೆ. ಎಂಟನೇ ದಿನ ಅವಳಿಲ್ಲ."

"ಕೂತು ಮಾತಾಡೋಣ ಅಕ್ಕಾ," ಎಂದರು ಡ್ರಾಯಿಂಗ್ ಮೇಷ್ಟ್ರು.

"ಯಾವಾಗ? ನಾಲ್ಕು ಜನಕ್ಕೂ ಒಟ್ಟಿಗೆ ಖಾಲಿ ಇರೋ ಪೀರಿಯಡ್ ವಾರದಲ್ಲಿ ಒಂದೂ ಇಲ್ಲ. ಟೈಮ್‌ಟೇಬಲ್ ಹಾಕಿದ್ದೇ ನಾನು. ಅಲ್ದೆ ಅವಳು ನಮ್ಮ ಹತ್ರ ಬಾಯಿಬಿಟ್ಟಿಲ್ಲ. ನಾವಾಗಿ ಹೋಗಿ ಬೇಡ ಕಣೇ ಅಂದ್ರೆ ಅದು ಪರಿಹಾರ ಹೇಳಿದ ಹಾಗೆ."

"ಲೋಟ ನಾನು ತೊಳೀತೀನಿ ಬಿಡಿ."

"ನಿಮ್ಮ ಲೋಟದ ಪ್ರಶ್ನೆ ಅಲ್ಲ ಮಹರಾಯ್ರೇ. ಅವಳಿಗೆ ಉಸಿರಾಡೋಕೆ ದಿನ ಬೇಕು. ದಿನಕ್ಕೆ ಮೂರು ತುರ್ತು ಕಾಗದ ಮೇಲೆ ಬಿದ್ರೆ ಹತ್ತೊಂಬತ್ತನೇದು ಹತ್ತೊಂಬತ್ತರಲ್ಲೇ ಇರುತ್ತೆ. ನಾವು ಮೂರು ಜನ. ತಲೆಗೊಂದು."

ಪೀಟಿ ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಸರಿಯಿದೆಯೆಂದು ತಲೆಯಾಡಿಸಿದರು. "ತುರ್ತಾಗಿ ಏನು ಬರೆಯೋದು ಅಕ್ಕಾ?"

"ಇಷ್ಟು ವರ್ಷ ಗೊಣಗಿದ್ದೀರಲ್ಲ, ಅದನ್ನೇ ಬರೀರಿ."

ಹೀಗೆ, ಕೆಲಸ ಜಾಸ್ತಿಯಾಯಿತೆಂದು ದಿನಾ ಎರಡು ನಿಮಿಷ ಗೊಣಗುತ್ತಿದ್ದ ಮೂವರು ತಾವಾಗಿಯೇ ಇನ್ನೊಂದು ಕೆಲಸ ಮೈಮೇಲೆ ಹಾಕಿಕೊಂಡರು. ಪೀಟಿ ಮೇಷ್ಟ್ರು ಶಾಲೆಯ ಚಾವಣಿಯ ಮೇಲೆ ಒಂದು ಚೆಂಡು ಕುಳಿತಿದೆಯೆಂದೂ ಅದನ್ನು ಇಳಿಸಲು ಅನುಮತಿ ಬೇಕೆಂದೂ ಬರೆದರು. ಡ್ರಾಯಿಂಗ್ ಮೇಷ್ಟ್ರು ಶಾಲೆಯ ಗಡಿಯಾರ ಐದು ನಿಮಿಷ ಮುಂದಿದೆಯೆಂದೂ ಗಡಿಯಾರವನ್ನು ಅನುಸರಿಸಬೇಕೋ ಹೊತ್ತನ್ನು ಅನುಸರಿಸಬೇಕೋ ತಿಳಿಸಬೇಕೆಂದೂ ಬರೆದರು. ಅಕ್ಕ ಹಳೆಯ ಕಡತ ತೆಗೆಸಿ, ದಾಖಲೆಯ ಪ್ರಕಾರ ಶಾಲೆಗೆ ಇಪ್ಪತ್ತಮೂರು ಮೆಟ್ಟಿಲಿದ್ದು ಎಣಿಸಿದರೆ ಇಪ್ಪತ್ತೆರಡೇ ಸಿಗುತ್ತಿವೆ, ಒಂದು ಮೆಟ್ಟಿಲು ಕಾಣೆಯಾಗಿದೆ ಎಂದು ಬರೆದರು.

ಗುಮಾಸ್ತರು ಮೂರಕ್ಕೂ ಕೆಂಪು ಟ್ಯಾಗು ಕಟ್ಟಿ ಮೂರನ್ನೂ ಟೈಪು ಮಾಡಿ ಕೈ ತೊಳೆದುಕೊಂಡರು. ದಿನ ಮುಗಿಯಿತು.

ಮೇಲಿನ ಕಚೇರಿ ಸುಮ್ಮನಿರುವ ಪೈಕಿ ಅಲ್ಲ. ವಾರದೊಳಗೆ ಉತ್ತರ ಬಂತು. ಚೆಂಡಿನ ಸುತ್ತಳತೆ ಎಷ್ಟು, ಯಾವ ದಿನಾಂಕದಂದು ಏರಿತು, ತಾನಾಗಿ ಏರಿತೋ ಯಾರಾದರೂ ಪ್ರೇರೇಪಿಸಿದರೋ? ಗಡಿಯಾರದ ವಿಚಾರ ಪರಿಶೀಲನೆಯಲ್ಲಿದೆ, ಅಲ್ಲಿಯವರೆಗೆ ಎರಡನ್ನೂ ಅನುಸರಿಸತಕ್ಕದ್ದು. ಮೆಟ್ಟಿಲನ್ನು ಕೊನೆಯದಾಗಿ ತುಳಿದವರು ಯಾರು? ಅವರ ಹೇಳಿಕೆ ಪಡೆದು ಕಳಿಸಿ. ಎಲ್ಲಕ್ಕೂ ತುರ್ತಾಗಿ ಉತ್ತರಿಸಬೇಕಾಗಿತ್ತು. ವಿಷಯಕ್ಕೆ ಬರವಿಲ್ಲದಂತಾಯಿತು.

ಈ ನಡುವೆ ಟ್ರೇಯ ಮೊದಲ ಹದಿನೆಂಟು ಕಾಗದಗಳೂ ಇದ್ದಲ್ಲೇ ಕಲ್ಲಾಗಿದ್ದವು. ಎಲ್ಲಕ್ಕಿಂತ ಮೇಲಿದ್ದದ್ದು ಹೆಡ್‌ಮಾಸ್ಟರ ರಜಾ ಅರ್ಜಿ. ತಂಗಿಯ ಮಗಳ ಮದುವೆಗೆ.

"ನನ್ನ ರಜ ಏನಾಯ್ತ್ರೀ?"

"ಮೊದಲನೇದೇ ನಿಮ್ಮದು ಸಾರ್. ತುರ್ತಿನವು ಮುಗೀಲಿ."

"ಮದುವೆಗೆ ಸೋದರಮಾವನೇ ಇಲ್ಲ ಅಂದ್ರೆ ಹೇಗ್ರೀ?"

"ಅವರ ಕಡೆಯಿಂದ ತುರ್ತು ಅಂತ ಒಂದು ಕಾಗದ ಬರಲಿ ಸಾರ್."

ಮದುವೆ ಹೆಡ್‌ಮಾಸ್ಟರ ಅನುಪಸ್ಥಿತಿಯಲ್ಲಿ ನಡೆದುಹೋಯಿತು. ಅಕ್ಕನ ಮನಸ್ಸು ಚುಚ್ಚದೆ ಇರಲಿಲ್ಲ. ಆದರೂ ಅವತ್ತಿನ ತುರ್ತು ಕಾಗದವನ್ನು ಅವರು ತಪ್ಪಿಸಲಿಲ್ಲ.

ಮೂರನೆಯ ವಾರ ಡ್ರಾಯಿಂಗ್ ಮೇಷ್ಟ್ರಿಗೆ ಜ್ವರ ಬಂತು. ಮೊದಲ ದಿನ ಅವರ ಪಾಲಿನ ಕಾಗದ ಯಾರಿಗೂ ನೆನಪಾಗಲಿಲ್ಲ. ಆ ಸಂದಿಯಲ್ಲಿ ಹೆಡ್‌ಮಾಸ್ಟರ ರಜಾ ಅರ್ಜಿ ತೂರಿಕೊಂಡು ಹೋಗಿ, ಮುಗಿದ ಮದುವೆಗೆ ರಜೆ ಮಂಜೂರಾಯಿತು. ರಾಜೀನಾಮೆ ಹದಿನೆಂಟನೆಯ ಜಾಗಕ್ಕೆ ಬಂತು. ಮರುದಿನ ಪೀಟಿ ಮೇಷ್ಟ್ರು ಸ್ಟಾಫ್ ರೂಮಿನ ಮೂಲೆಯಲ್ಲಿ, ಒಂದು ಕಾಗದ ಮುಗಿಸಿ ಇನ್ನೊಂದಕ್ಕೆ ಪೆನ್ನು ಕಚ್ಚುತ್ತ ಬೆವರುತ್ತಿದ್ದರು. ವಿಜ್ಞಾನದ ಮೇಡಂ ಒಳಗೆ ಬಂದರು.

"ಏನು ಮೇಷ್ಟ್ರೇ, ಪರೀಕ್ಷೆ ಬರೀತಿರೋ ಹಾಗಿದೆ?"

"ಚೆಂಡಿನ ಬಗ್ಗೆ ಮೇಲಿನವರು ಕೇಳಿದಾರೆ ಮೇಡಂ. ಡ್ರಾಯಿಂಗ್ ಮೇಷ್ಟ್ರು ಬೇರೆ ಇಲ್ಲ. ಅವರ ಗಡಿಯಾರಾನೂ ನಂಗೇ ಬಂದಿದೆ."

ಮೇಡಂ ಬಗ್ಗಿ ಕಾಗದ ನೋಡಿದರು. ತನ್ನೊಬ್ಬಳ ತಲೆಯ ಮೇಲೇ ಇದೆಲ್ಲ ಎಂದುಕೊಂಡಿದ್ದರಲ್ಲ. ಪಾಪ, ಓಡಾಡುವ ಮನುಷ್ಯನನ್ನೂ ಹೀಗೆ ಕೂರಿಸಿ ಬರೆಸುತ್ತಿದ್ದಾರೆ. "ಕೊಡಿ ಇಲ್ಲಿ, ಗಡಿಯಾರ ನಾನು ಬರೀತೀನಿ," ಎಂದು ಕುರ್ಚಿ ಎಳೆದುಕೊಂಡರು.

ಪೀಟಿ ಮೇಷ್ಟ್ರು ಬೇಡವೆನ್ನಲು ಬಾಯಿ ತೆರೆದರು. ಕಾರಣ ಹೇಳಬೇಕಾಗುತ್ತಿತ್ತು. ಮುಚ್ಚಿಕೊಂಡರು.

ಹೀಗೆ ತಮ್ಮ ರಾಜೀನಾಮೆಯನ್ನು ತಡೆದು ಹಿಡಿಯುವ ಕಾಗದಗಳಲ್ಲಿ ಐದನ್ನು ಮೇಡಂ ತಾವೇ, ಸುಂದರವಾದ ಅಕ್ಷರದಲ್ಲಿ ಬರೆದರು. ಕಾಣೆಯಾದ ಮೆಟ್ಟಿಲಿನ ಬಗ್ಗೆ ಅವರು ಬರೆದದ್ದಂತೂ ವೈಜ್ಞಾನಿಕವಾಗಿತ್ತು: ಮೆಟ್ಟಿಲು ಏರುವಾಗ ಕಾಣೆಯಾಗಿದೆಯೋ ಇಳಿಯುವಾಗಲೋ ಎಂಬುದನ್ನು ಮೊದಲು ನಿರ್ಧರಿಸಬೇಕೆಂದು ಅವರ ವಾದ.

ಮೇಲಿನ ಕಚೇರಿ ಇದಕ್ಕೆ ತತ್ತರಿಸಿತು. ಒಂದೇ ಶಾಲೆಯಿಂದ ದಿನಕ್ಕೆ ಮೂರು ತುರ್ತು ಕಾಗದ. ಅಲ್ಲಿನ ಗುಮಾಸ್ತರೂ ದಿನಕ್ಕೆ ಮೂರೇ ಮಾಡುವವರಿರಬೇಕು. ಆರನೆಯ ವಾರ ಆದೇಶ ಬಂತು: 'ಸದರಿ ಶಾಲೆಯ ಚೆಂಡು, ಗಡಿಯಾರ ಹಾಗೂ ಮೆಟ್ಟಿಲಿನ ಪ್ರಕರಣಗಳು ಇತ್ಯರ್ಥವಾಗುವವರೆಗೆ ಆ ಶಾಲೆಗೆ ಯಾವುದೇ ಸಮೀಕ್ಷೆ, ಎಣಿಕೆ ಅಥವಾ ಹೊಸ ನಮೂನೆಗಳನ್ನು ಕಳಿಸತಕ್ಕದ್ದಲ್ಲ.'

ಕಣ್ಣಿನ ಸಮೀಕ್ಷೆ ನಿಂತಿತು. ಮರಗಳು ತೂಕ ಹಾಕಿಸಿಕೊಳ್ಳದೆ ಬೆಳೆಯತೊಡಗಿದವು. ವಿಜ್ಞಾನದ ಮೇಡಂ ಪಾಠ ಮಾಡಿ, ಸಂಜೆಯ ಗಂಟೆಗೆ ಬ್ಯಾಗು ಹಾಕಿಕೊಂಡು, ಏನೋ ಮರೆತವರಂತೆ ಗೇಟಿನಲ್ಲಿ ಎರಡು ಸಲ ತಿರುಗಿ ನೋಡಿ ಮನೆಗೆ ಹೋದರು. ನಾಲ್ಕು ದಿನ ಹೀಗಾಯಿತು. ಐದನೆಯ ದಿನ ಅವರು ಫೋನಿನಲ್ಲಿ ತಾಯಿಯ ಜೊತೆ ಮಾತಾಡುತ್ತಿರುವಾಗ ಮಗಳು ಓಡಿ ಬಂದು, ಕೈ ಎತ್ತದೆ, ಸೆರಗು ಜಗ್ಗಿ, "ಅಮ್ಮಾ ಅಮ್ಮಾ ಅಮ್ಮಾ, ಇಲ್ನೋಡು" ಎಂದು ಕಿವಿಯ ಹತ್ತಿರವೇ ಕಿರುಚಿದಳು.

"ಮಕ್ಕಳಿಗೆ ಸ್ವಲ್ಪ ಶಿಸ್ತು ಕಲಿಸ್ಬಾರ್ದೇನೇ?" ಎಂದರು ಆ ಕಡೆಯಿಂದ ತಾಯಿ.

"ಬೇಡಮ್ಮಾ," ಎಂದರು ಮೇಡಂ.

ಮರುದಿನ ಅವರು ಗುಮಾಸ್ತರ ಮುಂದೆ ನಿಂತರು. "ನನ್ನದೊಂದು ಕಾಗದ ಇತ್ತಲ್ಲ. ವಾಪಸ್ ಕೊಟ್ಬಿಡಿ."

"ಟ್ರೇಗೆ ಬಿದ್ದದ್ದನ್ನ ಕೈಯಲ್ಲಿ ತೆಗೆದು ಕೊಡೋ ಹಾಗಿಲ್ಲ ಮೇಡಂ. ವಾಪಸ್ ಪಡೀತೀನಿ ಅಂತ ಅರ್ಜಿ ಕೊಡಿ."

"ಕೊಡ್ತೀನಿ. ತುರ್ತು ಅಂತಲೇ ಕೊಡ್ತೀನಿ."

"ಅದರಲ್ಲಿ ರಾಜೀನಾಮೆಯ ನಂಬರು ಬರೀಬೇಕು."

"ಎಷ್ಟು ನಂಬರು?"

"ಟೈಪಾದ ಮೇಲೆ ಬೀಳುತ್ತೆ."

"ಟೈಪಾದ್ರೆ ಹೆಡ್‌ಮಾಸ್ಟರ್ ಸಹಿ ಹಾಕ್ಬಿಡ್ತಾರಲ್ರೀ!"

"ಹಾಕ್ತಾರೆ," ಎಂದರು ಗುಮಾಸ್ತರು, ನ್ಯಾಯವಾಗಿ.

ಮೇಡಂ ಟ್ರೇಯನ್ನು ನೋಡಿದರು. "ಅಲ್ಲಾ, ಒಂದೂವರೆ ತಿಂಗಳಾಯ್ತು. ಇನ್ನೂ ಯಾಕೆ ಇಲ್ಲೇ ಇದೆ?"

ಗುಮಾಸ್ತರು ತುರ್ತು ಕಾಗದಗಳ ಪ್ರತಿ ಇಟ್ಟ ಕಡತವನ್ನು ಮುಂದೆ ತಳ್ಳಿದರು. ದಿನಕ್ಕೆ ಮೂರು. ಚೆಂಡು, ಗಡಿಯಾರ, ಮೆಟ್ಟಿಲು, ಮತ್ತೆ ಚೆಂಡು. ಮೊದಲನೆಯ ಕಾಗದದ ತಾರೀಖು ತಮ್ಮ ರಾಜೀನಾಮೆಯ ಮರುದಿನದ್ದು. ಮೇಡಂ ನಿಧಾನವಾಗಿ ಪುಟ ತಿರುವಿದರು, ನಡುವೆ ಐದು ಕಡೆ ತಮ್ಮದೇ ಅಕ್ಷರ ಸಿಕ್ಕಿತು.

"ಇನ್ನೊಂದು ವಿಷಯ," ಎಂದರು ಗುಮಾಸ್ತರು. "ಕೆಂಪು ಟ್ಯಾಗು ಇವತ್ತಿಗೆ ಖಾಲಿ. ನಾಳೆಯಿಂದ ತುರ್ತು ಇಲ್ಲ. ಬಿಳೀದು ಬೇಕಾದಷ್ಟಿದೆ."

"ಕೆಂಪು ತರಿಸ್ಬೇಕಪ್ಪಾ!"

"ಬರೆದಿದ್ದೀನಿ. ನಿಮ್ಮ ಕಾಗದದ ಕೆಳಗಿದೆ."

ಚಹಾದ ಗಂಟೆ ಹೊಡೆಯಿತು. ಸ್ಟಾಫ್ ರೂಮಿನಲ್ಲಿ ಅಕ್ಕ ತಮ್ಮ ಎರಡು ನಿಮಿಷ ಮುಗಿಸಿ ಪೂರ್ಣವಿರಾಮ ಇಟ್ಟಿದ್ದರು. ಮೇಡಂ ಬಂದು ಒಂದು ಕಟ್ಟು ಬಿಳಿ ಟ್ಯಾಗನ್ನು ಮೇಜಿನ ಮೇಲೆ ಹಾಕಿದರು. ಮೂವರೂ ಟ್ಯಾಗನ್ನು ನೋಡಿದರು, ಆಮೇಲೆ ಅವರ ಮುಖವನ್ನು ನೋಡಲಾಗದೆ ಮತ್ತೆ ಟ್ಯಾಗನ್ನೇ ನೋಡಿದರು.

"ಕೆಂಪು ಖಾಲಿಯಂತೆ," ಎಂದರು ಮೇಡಂ. "ನಾಳೆಯಿಂದ ನನ್ನ ಕಾಗದ ಮೇಲೆ ಬರುತ್ತೆ. ವಾಪಸ್ ತಗೊಳ್ಳೋಕೂ ಬರಲ್ಲ."

ಡ್ರಾಯಿಂಗ್ ಮೇಷ್ಟ್ರು ಎದ್ದು ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ತಂದರು. ಮೊದಲ ಟ್ಯಾಗಿನ ತುದಿ ಕೆಂಪಾಯಿತು. ಪೀಟಿ ಮೇಷ್ಟ್ರು ಅದನ್ನು ಒಯ್ದು ಗುಮಾಸ್ತರಿಗೆ ತೋರಿಸಿ ಬಂದರು.

"ಏನಂದ್ರು?"

"ಕೈಗೆ ಹತ್ತಿಸಿಕೊಂಡು ನೋಡಿದ್ರು. ನಿಯಮದಲ್ಲಿ ಕೆಂಪು ಅಂತ ಇದೆ, ಹೇಗೆ ಕೆಂಪಾಯ್ತು ಅಂತ ಕೇಳಿಲ್ಲ ಅಂದ್ರು."

"ಹಾಗಾದ್ರೆ ದಿನಾ ಮೂರು," ಎಂದರು ಅಕ್ಕ. "ಅವಳು ನಿವೃತ್ತಿ ಆಗೋವರೆಗೆ. ಇಪ್ಪತ್ತಾರು ವರ್ಷ. ಈಗ ನಾಲ್ಕು ಜನ ಇದ್ದೀವಿ, ಸರದಿ ಮೇಲೆ ಒಬ್ಬರಿಗೆ ಬಿಡುವು ಸಿಗುತ್ತೆ."

ಪೀಟಿ ಮೇಷ್ಟ್ರು ವಾಚು ನೋಡಿದರು. "ಇನ್ನು ನನ್ನ ಸರದಿ. ನಂದೇನಿಲ್ಲ. ಮೇಡಂಗೆ ಕೊಡಿ."

"ನಂದೂ ಇಲ್ಲ," ಎಂದರು ಡ್ರಾಯಿಂಗ್ ಮೇಷ್ಟ್ರು, ತಲೆಯೆತ್ತದೆ ಬಣ್ಣ ಬಳಿಯುತ್ತ.

ಸ್ಟಾಪ್‌ವಾಚ್ ಒತ್ತಿದ ಸದ್ದಾಯಿತು. ವಿಜ್ಞಾನದ ಮೇಡಂ ಲೋಟ ಕೆಳಗಿಟ್ಟು ಸೆರಗು ಬಿಗಿದುಕೊಂಡರು.

"ಅಲ್ರೀ, ಮನುಷ್ಯರು ಮಾಡೋ ಕೆಲ್ಸಾನಾ ಇದು? ಒಂದು ಕೆಲ್ಸ ಬಿಡ್ತೀನಿ ಅಂದ್ರೆ ಬಿಡೋಕೆ ಬಿಡಲ್ಲ. ಬಿಡಲ್ಲ ಅಂದ್ರೆ ಅದಕ್ಕೂ ದಿನಾ ಕಾಗದ ಬರೀಬೇಕು. ನಾನು ಮಗೂಗೆ ಊಟ ಹಾಕ್ಲಾ, ಮೆಟ್ಟಿಲು ಹುಡುಕ್ಲಾ? ಮರ ತೂಕ ಹಾಕಿದ್ದೀನ್ರೀ ನಾನು! ನಿಂತಿರೋ ಮರಾನ! ಅದಕ್ಕೆ ಶಹಬ್ಬಾಸ್ ಅಂತ ಒಬ್ರಾದ್ರೂ..."

ಅವರು ಆರು ನಿಮಿಷ ಮಾತಾಡಿದರು. ಪೀಟಿ ಮೇಷ್ಟ್ರು ಎರಡು ನಿಮಿಷಕ್ಕೊಮ್ಮೆ ವಾಚು ತಿರುಗಿಸಿ ಮತ್ತೆ ಒತ್ತಿದರು. ಮೂರನೆಯದು ಮುಗಿಯುತ್ತಿದ್ದಂತೆ, ಮೇಡಂ ಬೆರಳೆತ್ತಿ, "ಇನ್ನು ಆ ಹೆಡ್‌ಮಾಸ್ಟರ್ ಇದ್ದಾರಲ್ಲ, ಅವರು ನನಗೆ ಮೊನ್ನೆ..." ಎನ್ನುವಷ್ಟರಲ್ಲಿ ಸೀಟಿ ಊದಿದರು.

"ಅಯ್ಯೋ, ಮುಖ್ಯವಾದದ್ದು ಈಗ ಬರ್ತಿತ್ತು!"

"'ಮೊನ್ನೆ'ಯಲ್ಲಿ ನಿಂತಿದ್ದೀರಿ," ಎಂದರು ಪೀಟಿ ಮೇಷ್ಟ್ರು. "ನಾಳೆ ಅಲ್ಲಿಂದಲೇ."

ಗಂಟೆ ಹೊಡೆಯಿತು, ಈ ಸಲ ಗಡಿಯಾರ ಬಿಟ್ಟು ಹೊತ್ತಿನ ಪ್ರಕಾರ, ಐದು ನಿಮಿಷ ತಡವಾಗಿ. ಮೇಡಂ ಅಂಗೈಯ ಮೇಲೆ ಪೆನ್ನಿನಿಂದ 'ಮೊನ್ನೆ' ಎಂದು ಬರೆದುಕೊಂಡು ತರಗತಿಗೆ ಹೋದರು.