ಮೊಣಕೈಗೆ ಇಳಿದ ಸುಣ್ಣ

ಚಾವಣಿಗೆ ಸುಣ್ಣ ಹೊಡೆಯುವ ಕಷ್ಟ ಹೊಡೆದವರಿಗೇ ಗೊತ್ತು. ಗೋಡೆಯಾದರೆ ಎದುರಿಗೆ ನಿಂತಿರುತ್ತದೆ, ಸೋರಿದ ಸುಣ್ಣ ನೆಲಕ್ಕೆ ಹೋಗುತ್ತದೆ. ಚಾವಣಿ ತಲೆಯ ಮೇಲಿರುತ್ತದೆ, ಸೋರಿದ್ದೆಲ್ಲ ಹೊಡೆಯುವವನ ಮೇಲೇ ಬೀಳುತ್ತದೆ. ಬೀಳದೆ ಉಳಿದದ್ದು ಕುಂಚದ ಹಿಡಿಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಸದ್ದಿಲ್ಲದೆ ಇಳಿಯುತ್ತದೆ.

ಶಾಗ್ಯದ ರಂಗಸ್ವಾಮಿಗೆ ಇದು ಮೂವತ್ತು ವರ್ಷದ ರೂಢಿ. ಅವನ ಬಲಗೈ ಚರ್ಮ ಸೀಳುಸೀಳಾಗಿತ್ತು. ಹೆಂಡತಿ ಚಿಕ್ಕತಾಯಮ್ಮ ಸಂಜೆ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುವುದು, ಬೆಳಿಗ್ಗೆ ಇಬ್ಬರೂ ಮತ್ತೆ ಸುಣ್ಣದ ಡಬ್ಬ ಹಿಡಿದು ಬಸ್ಸು ಹತ್ತುವುದು. ಸುಣ್ಣ ಕಲಸಿ ಸೋಸುವ ಕೆಲಸ ಅವಳದು, ಹೊಡೆಯುವ ಕೆಲಸ ಅವನದು.

ಆ ದಿನ ಅವರು ಹೋಗಿದ್ದು ಕೊಳ್ಳೇಗಾಲದ ನೇಕಾರ ದೇವಣ್ಣನ ಮನೆಗೆ. ಮನೆಯಲ್ಲಿ ಮಗಳ ಮದುವೆ. ಮುಂದಿನ ಪಡಸಾಲೆಗೆ ಬಣ್ಣ ಬಳಿಯಲು ಯಳಂದೂರಿನಿಂದ ಗೋವಿಂದಮ್ಮ ಮತ್ತು ಅವಳ ಸಂಘದ ಇಬ್ಬರು ಹೆಂಗಸರು ಬಂದಿದ್ದರು. ಮಗ್ಗದ ಕೋಣೆಗೆ ಮಾತ್ರ ಸುಣ್ಣವೇ ಆಗಬೇಕು, ತಂಪಾಗಿರುತ್ತದೆ ಎಂದು ದೇವಣ್ಣ ರಂಗಸ್ವಾಮಿಯನ್ನು ಕರೆಸಿದ್ದ. ಮಗ್ಗದಲ್ಲಿ ಅರ್ಧ ನೇಯ್ದ ರೇಷ್ಮೆ ಸೀರೆ ಇತ್ತು. ಅದನ್ನು ಅಲ್ಲಾಡಿಸುವ ಹಾಗಿರಲಿಲ್ಲ. ಮೇಲೆ ಟಾರ್ಪಾಲು ಹೊದಿಸಿ, ಪಕ್ಕದಲ್ಲಿ ಎರಡು ಸ್ಟೂಲಿನ ಮೇಲೆ ಹಲಗೆ ಹಾಕಿಕೊಂಡು ರಂಗಸ್ವಾಮಿ ಹತ್ತಿ ನಿಂತ.

ಗೋವಿಂದಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಕೈಯಲ್ಲಿ ಒಣಗಿದ ಬಿದಿರಿನ ಗಳ, ಗಳದ ತುದಿಗೆ ರೋಲರ್. ನೆಲದ ಮೇಲೇ ನಿಂತು ಪಡಸಾಲೆಯ ಚಾವಣಿ ಅರ್ಧ ಮುಗಿಸಿದ್ದಳು. ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ.

"ರಂಗಸ್ವಾಮಣ್ಣ, ಆ ಕುಂಚದ ಇಡಿಗೊಂದು ಬಟ್ಲು ಆಕ್ಕೊಳಿ. ನೋಡಿ, ಇಂಗೆ." ಅವಳು ತನ್ನ ಸಣ್ಣ ಬ್ರಷ್ ತೋರಿಸಿದಳು. ಮಕ್ಕಳಾಡುವ ರಬ್ಬರ್ ಚೆಂಡನ್ನು ಅರ್ಧಕ್ಕೆ ಕತ್ತರಿಸಿ, ನಡುವೆ ತೂತು ಮಾಡಿ ಹಿಡಿಗೆ ತೂರಿಸಿದ್ದಳು. ಬಟ್ಟಲ ಹಾಗೆ ಅದು ಮೇಲಕ್ಕೆ ಬಾಯಿ ತೆರೆದಿತ್ತು. "ಸೋರಿದ್ದು ಇದರೊಳಗೇ ನಿಲ್ತದೆ. ತುಂಬುದ್ರೆ ಡಬ್ಬಕ್ಕೆ ಬಗ್ಸೋದು. ಕೈಗೆ ಒಂದ್ ತೊಟ್ಟೂ ಇಳಿಯಲ್ಲ."

ರಂಗಸ್ವಾಮಿ ಮೇಲಿಂದಲೇ ನಕ್ಕ. "ಏನ್ ತಂಗ್ಯವ್ವ, ಗಳ ಇಡ್ಕಂಡು ಮಾವಿನಕಾಯಿ ಕೀಳಕ್ ಬಂದಿದ್ದೀಯೋ, ಬಣ್ಣ ಒಡಿಯಕ್ ಬಂದಿದ್ದೀಯೋ?"

"ನಗಿ ನಗಿ. ಸಾಯಂಕಾಲ ಕತ್ತು ಯಾರಿಗೆ ನೋಯ್ತದೆ ನೋಡವ."

"ಗಳ ಕಟ್ಟುದ್ರೆ ಕೈಗೆ ಗೋಡೆ ಗೊತ್ತಾಗಲ್ಲ ಕಣವ್ವ. ಎಲ್ಲಿ ಕುಡೀತದೆ, ಎಲ್ಲಿ ಜಾರ್ತದೆ ಅಂತ ಈ ಅಂಗೈ ಏಳ್ಬೇಕು. ನಿನ್ ಚೆಂಡು ಏಳ್ತದಾ?"

"ಕಣ್ಣಿಗಾದ್ರೂ ಒಂದು ಕನ್ನಡಕ ಆಕ್ಕೊಳಿ ಅಣ್ಣ."

"ಕಣ್ಣಿಗೆ ನನ್ ಉಪಾಯವೇ ಬ್ಯಾರೆ ಅದೆ." ಅವನು ಎಡಗಣ್ಣು ಬಿಗಿಯಾಗಿ ಮುಚ್ಚಿ, ಬಲಗಣ್ಣಷ್ಟೇ ತೆರೆದು ತೋರಿಸಿದ. "ಒಂದು ಕಣ್ಣು ಕೆಲ್ಸಕ್ಕೆ, ಒಂದು ಕಣ್ಣು ಮನೆಗೆ. ನಮ್ಮಪ್ಪ ಏಳ್ಕೊಟ್ಟದ್ದು. ಮೂವತ್ತು ವರ್ಷ ಆಯ್ತು, ಎಡಗಣ್ಣಿಗೆ ಒಂದು ತೊಟ್ಟೂ ಬಿದ್ದಿಲ್ಲ."

ಸೋಸುತ್ತಿದ್ದ ಚಿಕ್ಕತಾಯಮ್ಮನೂ ನಕ್ಕಳು. "ಬುಡವ್ವ ಗೋವಿಂದಮ್ಮ. ಇವ್ರಿಗೆ ಏಳೋದೂ ಒಂದೇ, ಆ ಮಗ್ಗಕ್ಕೆ ಏಳೋದೂ ಒಂದೇ."

ಗೋವಿಂದಮ್ಮ ನಗಲಿಲ್ಲ. ತನ್ನ ಕೆಲಸಕ್ಕೆ ಹೋದಳು.

ಹನ್ನೊಂದು ಗಂಟೆಯ ಹೊತ್ತಿಗೆ ದೇವಣ್ಣನ ತಾಯಿ ದೊಡ್ಡಬಸಮ್ಮ ಕಾಫಿಗೆ ಕರೆದರು. ರಂಗಸ್ವಾಮಿ ಹಲಗೆಯಿಂದ ಇಳಿದ. ಮುಚ್ಚಿದ್ದ ಎಡಗಣ್ಣು ತೆರೆದ. ಹಣೆಯ ಬೆವರು ರೆಪ್ಪೆಗೆ ಇಳಿಯುತ್ತಿತ್ತು. ಅಂಗೈ ತುಂಬ ಸುಣ್ಣ ಇದ್ದದ್ದರಿಂದ, ಎಲ್ಲರೂ ಮಾಡುವ ಹಾಗೆ, ಮೊಣಕೈ ಎತ್ತಿ ಆ ಕಣ್ಣು ಒರೆಸಿಕೊಂಡ.

ಮೊಣಕೈ ತುಂಬ ಹಸಿ ಸುಣ್ಣವಿತ್ತು.

ಅವನು ಕೂಗಿದ ಕೂಗಿಗೆ ಬೀದಿಯ ನಾಯಿ ಎದ್ದು ಓಡಿತು. ಚಿಕ್ಕತಾಯಮ್ಮನ ಕೈಯಿಂದ ಸೋಸುವ ಬಟ್ಟೆ ಜಾರಿತು. ಗಂಡ ನೆಲಕ್ಕೆ ಕುಕ್ಕರಿಸಿ, ಎರಡೂ ಕೈಯಲ್ಲಿ ಮುಖ ಹಿಡಿದು, "ಉರಿ! ಅಯ್ಯೋ ಉರಿ ಕಣಮ್ಮಿ!" ಎನ್ನುತ್ತಿದ್ದ. ಮೂವತ್ತು ವರ್ಷದಲ್ಲಿ ಅವನು ಅಳುವುದನ್ನು ಅವಳು ನೋಡಿರಲಿಲ್ಲ. ಸೆರಗು ಹಿಡಿದು ಒರೆಸಲು ಬಗ್ಗಿದಳು. ಅಷ್ಟರಲ್ಲಿ ದೊಡ್ಡಬಸಮ್ಮ ಹರಳೆಣ್ಣೆ ಬಾಟಲಿ ಹಿಡಿದು ಓಡಿ ಬಂದರು. "ತಲೆ ಎತ್ತಿಸು, ನಾಲ್ಕು ತೊಟ್ಟು ಬುಟ್ರೆ ತಂಪಾಯ್ತದೆ."

"ಎಣ್ಣೆ ಬ್ಯಾಡಿ!" ಗೋವಿಂದಮ್ಮ ಪಡಸಾಲೆಯಿಂದ ಕೂಗುತ್ತಲೇ ಬಂದಳು. "ಎಣ್ಣೆ ಬ್ಯಾಡ, ಹಾಲು ಬ್ಯಾಡ, ಸೆರಗೂ ಬ್ಯಾಡ! ಅಕ್ಕ, ಅವ್ರ ಕೈ ಇಡ್ಕೊ, ಉಜ್ಜಕ್ಕೆ ಬುಡಬ್ಯಾಡ. ನಲ್ಲಿ ಎಲ್ಲಿ?"

ದೇವಣ್ಣನೂ ಅವಳೂ ಸೇರಿ ರಂಗಸ್ವಾಮಿಯನ್ನು ಹಿತ್ತಲ ನಲ್ಲಿಗೆ ಎಳೆದುಕೊಂಡು ಹೋದರು. ಎಡಗಣ್ಣು ಕೆಳಗೆ ಬರುವ ಹಾಗೆ ಪಕ್ಕಕ್ಕೆ ಮಲಗಿಸಿ, ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ, ಗೋವಿಂದಮ್ಮ ಚೊಂಬಿನಿಂದ ನೀರು ಬಿಡತೊಡಗಿದಳು. ನಿಲ್ಲಿಸಲಿಲ್ಲ. ಅವನು ಒದ್ದಾಡಿದ, ಬೈದ, "ಬುಡೇ, ಸಾಯ್ತೀನಿ" ಎಂದ.

"ಬಯ್ಯಿರಿ ಅಣ್ಣ, ಬಾಯ್ತುಂಬ ಬಯ್ಯಿರಿ. ಕಣ್ಣು ಮಾತ್ರ ಮುಚ್ಚಬ್ಯಾಡಿ."

"ಸಾಕಲ್ವೇನವ್ವ? ಬೇಗ ಆಸ್ಪತ್ರೆಗೆ ಓಗವ" ಎಂದಳು ಚಿಕ್ಕತಾಯಮ್ಮ.

"ಸಾಲಲ್ಲ ಅಕ್ಕ. ಅರ್ಧ ಗಂಟೆ ತೊಳೀಬೇಕು. ಸುಣ್ಣ ಒಳಗೆ ಸುಡ್ತಾನೇ ಇರ್ತದೆ. ಮೊದ್ಲು ನೀರು, ಆಮೇಲೆ ಆಟೋ." ಅವಳ ದನಿ ತಗ್ಗಿತು. "ನಮ್ಮ ಸಂಘದ ಶಿವಮ್ಮಂಗೆ ಇಂಗೇ ಆದಾಗ ನಾವೇ ಎಣ್ಣೆ ಬುಟ್ಟಿದ್ವಿ. ಆ ಕಣ್ಣು ಬರ್ನಿಲ್ಲ."

ದೇವಣ್ಣ ಗಡಿಯಾರ ನೋಡುತ್ತ ನಿಂತ. ಅರ್ಧ ಗಂಟೆ ಆದಮೇಲೇ ಆಟೋ ಹತ್ತಿಸಿದರು.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ರೆಪ್ಪೆಯನ್ನು ಮಗುಚಿ, ಒಳಗೆ ಅಂಟಿದ್ದ ಸುಣ್ಣದ ಕಾಳುಗಳನ್ನು ಹತ್ತಿಯಿಂದ ತೆಗೆದರು. ಮತ್ತೆ ತೊಳೆದರು. ಔಷಧಿ ಬಿಟ್ಟು ಎಡಗಣ್ಣಿಗೆ ಪಟ್ಟಿ ಹಾಕಿದರು. ಚಿಕ್ಕತಾಯಮ್ಮನ ಎದೆ ಸ್ವಲ್ಪ ಹಗುರವಾಯಿತು. ಒಂದು ಕಣ್ಣಿಗೆ ಏಟು, ಇನ್ನೊಂದು ಇದೆಯಲ್ಲ ಎಂದುಕೊಂಡಳು.

"ಯಜಮಾನ್ರೇ, ಬಲಗಣ್ಣಲ್ಲಿ ನೋಡಿ. ಇದು ಎಷ್ಟು ಬೆರಳು?"

ರಂಗಸ್ವಾಮಿ ಕತ್ತು ಆಚೆ ಈಚೆ ತಿರುಗಿಸಿದ.

"ಎಲ್ಲಿ ತಾಯಿ ಬೆರಳು? ಒಸಿ ಲೈಟ್ ಆಕಿ."

ಕಿಟಕಿಯಿಂದ ಮಟಮಟ ಮಧ್ಯಾಹ್ನದ ಬಿಸಿಲು ಬೀಳುತ್ತಿತ್ತು. ಟ್ಯೂಬ್‌ಲೈಟೂ ಉರಿಯುತ್ತಿತ್ತು. ಡಾಕ್ಟರು ಅವನ ಮುಖದಿಂದ ಎರಡೇ ಗೇಣು ದೂರದಲ್ಲಿ ಬೆರಳು ಹಿಡಿದಿದ್ದರು.

ಚಿಕ್ಕತಾಯಮ್ಮ ಕಿಟಕಿಯ ಬಿಸಿಲನ್ನೂ ಗಂಡನ ಮುಖವನ್ನೂ ನೋಡಿದಳು. ಪಕ್ಕದಲ್ಲಿದ್ದ ಗೋವಿಂದಮ್ಮ ಅವಳ ತೋಳು ಹಿಡಿದುಕೊಂಡಳು.

ಡಾಕ್ಟರು ಟಾರ್ಚು ಬಿಟ್ಟು ನೋಡಿದರು. "ಕರಿಗುಡ್ಡೆ ಮೇಲೆ ಹೂ ಕೂತಿದೆ, ಬಿಳಿ ಕಲೆ. ಇದು ಇವತ್ತಿಂದಲ್ಲ. ವರ್ಷಾನುಗಟ್ಟಲೆ ತೊಟ್ಟುತೊಟ್ಟಾಗಿ ಸುಣ್ಣ ಬಿದ್ದು ಬಿದ್ದು ಆಗಿರೋದು. ನಿಮಗೆ ಗೊತ್ತೇ ಆಗಲಿಲ್ವಾ?"

"ಇಲ್ಲ ತಾಯಿ. ಎರಡೂ ಬುಟ್ಕಂಡ್ರೆ ಚೆಂದಾಗೇ ಕಾಣ್ತಿತ್ತು."

"ಕಾಣ್ತಿದ್ದಿದ್ದು ಎಡಗಣ್ಣು. ಬಲಗಣ್ಣು ಹೋಗಿದೆ ಅಂತ ಅದು ನಿಮಗೆ ತಿಳಿಯಗೊಡಲಿಲ್ಲ. ಇವತ್ತು ಸುಣ್ಣ ಬಿದ್ದಿರೋದು ಇರೋ ಒಂದೇ ಕಣ್ಣಿಗೆ."

"ಆದ್ರೆ ಅದ ಮುಚ್ಕಂಡೇ ಕೆಲ್ಸ ಮಾಡ್ತಿದ್ನಲ್ಲ ತಾಯಿ..."

"ಕೈ ಅಂದಾಜಲ್ಲಿ ಮಾಡ್ತಿದ್ರಿ. ಮೆಲ್ಲಮೆಲ್ಲಗೆ ಮಸುಕಾಗಿದೆ, ಕಂಡ ಬಿಳುಪೆಲ್ಲ ಸುಣ್ಣದ್ದು ಅಂದ್ಕೊಂಡಿರ್ತೀರಿ."

ಚಿಕ್ಕತಾಯಮ್ಮನಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಹೋದ ವರ್ಷದಿಂದ ಅವನು ಹೊಡೆದ ಚಾವಣಿಯಲ್ಲಿ ಅಲ್ಲಲ್ಲಿ ಅಂಗೈಯಗಲ ಬಿಟ್ಟುಹೋಗಿರುತ್ತಿತ್ತು. ವಯಸ್ಸಾಯಿತು ಎಂದುಕೊಂಡು, ಅವನು ಬೀಡಿ ಸೇದಲು ಹೊರಗೆ ಹೋದಾಗ ತಾನೇ ಹತ್ತಿ ಅಲ್ಲಿಗೆ ಸುಣ್ಣ ತಾಕಿಸಿ ಇಳಿಯುತ್ತಿದ್ದಳು. ಅವನಿಗೆ ಬೇಜಾರಾಗದಿರಲಿ ಎಂದು ಒಂದು ದಿನವೂ ಹೇಳಿರಲಿಲ್ಲ.

"ನಾನೇ ಮುಚ್ಚಾಕ್ದೆ ಕಣವ್ವ," ಎಂದಳು ಗೋವಿಂದಮ್ಮನಿಗೆ. "ಬುಟ್ಟೋದ ಜಾಗ ತೋರ್ಸಿದ್ರೆ ಆವತ್ತೇ ಗೊತ್ತಾಗ್ತಿತ್ತು."

ಎಡಗಣ್ಣು ಉಳಿಯುತ್ತದಾ ಎಂದು ಕೇಳಿದ್ದಕ್ಕೆ ಡಾಕ್ಟರು, "ಹತ್ತು ದಿನ ಏನೂ ಹೇಳೋಕಾಗಲ್ಲಮ್ಮ. ದಿನಾ ಕರ್ಕೊಂಡು ಬನ್ನಿ. ಎಣ್ಣೆ ಹಾಕಿದ್ದಿದ್ರೆ ಈ ಮಾತೂ ಆಡ್ತಿರಲಿಲ್ಲ" ಎಂದರು.

ಆ ಹತ್ತು ದಿನ ಆಸ್ಪತ್ರೆಗೆ ಹೋಗಿ ಬರುವಷ್ಟು ಹೊತ್ತು ಬಿಟ್ಟರೆ ರಂಗಸ್ವಾಮಿ ಜಗಲಿಯಿಂದ ಕದಲಲಿಲ್ಲ. ಊಟದ ತಟ್ಟೆಯಲ್ಲಿ ಮುದ್ದೆ ಯಾವ ಕಡೆ, ಸಾರು ಯಾವ ಕಡೆ ಎಂದು ಹೆಂಡತಿ ಕೈಹಿಡಿದು ತೋರಿಸಬೇಕಾಯಿತು. ಆರನೆಯ ದಿನ ಗೋವಿಂದಮ್ಮ ಯಳಂದೂರಿನಿಂದ ಬಂದಳು. ಕೈಯಲ್ಲಿ ಗಳ, ಗಳದ ತುದಿಗೆ ಸುಣ್ಣದ ಕುಂಚ, ಕುಂಚದ ಬುಡದಲ್ಲಿ ಅರ್ಧ ಚೆಂಡು.

"ತಕೊಳಿ ಅಣ್ಣ. ಮಾವಿನಕಾಯಿ ಕೀಳೋ ಗಳ."

ಚಿಕ್ಕತಾಯಮ್ಮ ಗಂಡ ಸಿಟ್ಟಾದಾನು ಎಂದು ಹೆದರಿದಳು. ರಂಗಸ್ವಾಮಿ ಸುಮ್ಮನೆ ಕೈ ನೀಡಿದ. ಗಳವನ್ನು ಉದ್ದಕ್ಕೂ ತಡವಿದ. ಕುಂಚ ಮುಟ್ಟಿದ, ಚೆಂಡು ಮುಟ್ಟಿದ, ಅಲ್ಲಾಡಿಸಿದ. ಎದ್ದು ನಿಂತು ಜಗಲಿಯ ಗೋಡೆಗೆ ಒಣ ಕುಂಚ ಆಡಿಸಿದ.

"ಇದ ಕಟ್ದೋರು ಯಾರು?"

"ನಾನೇ."

"ತಪ್ಪು ಕಟ್ಟಿದ್ದೀಯ. ಗಳದ ನೇರಕ್ಕೆ ಕಟ್ಟುದ್ರೆ ಕುಂಚದ ತುದಿ ಮಾತ್ರ ಗೋಡೆಗೆ ತಾಕ್ತದೆ. ಕೊಂಚ ವಾರೆಯಾಗಿ ಕಟ್ಟು, ಆಗ ಅಗಲ ಪೂರ್ತಿ ಕೂರ್ತದೆ. ಗೋಡೆ ಏನಂತದೆ ಅಂತ ಗಳದಲ್ಲೇ ಕೈಗೆ ಗೊತ್ತಾಯ್ತದೆ. ಚೆಂಡಿನ ತೂತು ದೊಡ್ಡದಾಗಿ ಅದೆ, ಸಂದಿಲಿ ಸೋರ್ತದೆ. ಸೈಕಲ್ ಟ್ಯೂಬು ಸುತ್ತು." ಹೆಂಡತಿಯತ್ತ ಕೈ ಚಾಚಿ, "ಅಮ್ಮಿ, ಹಗ್ಗ ತಾ" ಎಂದ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅವನು ಕುಂಚ ಬಿಚ್ಚಿ ಮತ್ತೆ ಕಟ್ಟಿದ. ಚಿಕ್ಕತಾಯಮ್ಮ ಆ ಬೆರಳುಗಳನ್ನೇ ನೋಡುತ್ತ ಕೂತಳು.

"ಕಬ್ಬಿಣದ ಪೈಪಲ್ಲಿ ಮಾಡುದ್ರೆ ಗಟ್ಟಿ ಇರ್ತದಲ್ವಾ?" ಎಂದು ಕೇಳಿದಳು.

"ಪೈಪು ಮುಟ್ಲೇಬ್ಯಾಡಿ ಅಕ್ಕ," ಎಂದಳು ಗೋವಿಂದಮ್ಮ. "ಕರೆಂಟು ತಂತಿ ತಾಕುದ್ರೆ ಆಳು ಉಳಿಯಲ್ಲ. ಒಣಗಿದ ಬಿದಿರೇ ಆಗ್ಬೇಕು. ಅದ್ರಲ್ಲೂ ತಂತಿ ಇರೋ ಕಡೆ ಮೇನ್ ಆಫ್ ಮಾಡೇ ಶುರು ಮಾಡ್ಬೇಕು."

ಹತ್ತನೆಯ ದಿನ ಡಾಕ್ಟರು ಪಟ್ಟಿ ತೆಗೆದು ಕೈ ಎತ್ತಿ ಹಿಡಿದರು.

ರಂಗಸ್ವಾಮಿ ಕಣ್ಣು ಪಿಳಿಪಿಳಿ ಮಾಡಿದ. "ಮೂರು," ಎಂದ. "ಮಧ್ಯದ್ದರಲ್ಲಿ ಉಂಗ್ರ ಅದೆ."

ಚಿಕ್ಕತಾಯಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಎಡಗಣ್ಣು ಉಳಿಯಿತು. ಬಲಗಣ್ಣಿಗೆ ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ, ಆದರೆ ನನ್ನಿಂದ ಭರವಸೆ ಕೊಡೋಕಾಗಲ್ಲ ಎಂದರು ಡಾಕ್ಟರು. ಈಗ ರಂಗಸ್ವಾಮಿ ಕನ್ನಡಕವಿಲ್ಲದೆ ಸುಣ್ಣದ ಡಬ್ಬದ ಹತ್ತಿರ ಹೋಗುವುದಿಲ್ಲ. ಹೋಗಲು ಚಿಕ್ಕತಾಯಮ್ಮ ಬಿಡುವುದೂ ಇಲ್ಲ. ಸುಣ್ಣ ಕಲಸುವಾಗ ಅವಳೂ ಒಂದು ಹಾಕಿಕೊಳ್ಳುತ್ತಾಳೆ. ಅವನು ಎಲ್ಲಾದರೂ ಜಾಗ ಬಿಟ್ಟರೆ ಕೆಳಗಿನಿಂದ ಗಟ್ಟಿಯಾಗಿ ಕೂಗಿ ಹೇಳುತ್ತಾಳೆ.

ಅಣ್ಣಂದಿರೇ, ಅಕ್ಕಂದಿರೇ, ಸುಣ್ಣ ಬಣ್ಣದ ಕೆಲಸಕ್ಕೆ ಹೋಗುವವರೇ, ಮದುವೆಗೆ ಹಬ್ಬಕ್ಕೆ ನಿಮ್ಮ ಮನೆಗೆ ನೀವೇ ಸುಣ್ಣ ಹೊಡೆಯುವವರೇ, ಕುಂಚಕ್ಕೆ ಗಳ ಕಟ್ಟಿ. ಅದು ಒಣ ಬಿದಿರಾಗಿರಲಿ. ಕುಂಚದ ನೇರ ಕೆಳಗೆ ಮುಖ ಇಡದೆ ಒಂದು ಹೆಜ್ಜೆ ಹಿಂದೆ ನಿಂತು ಹೊಡೆಯಿರಿ. ಬಣ್ಣಕ್ಕೆ ರೋಲರ್, ತೆಳು ಸುಣ್ಣಕ್ಕೆ ಕುಂಚ. ರೋಲರ್‌ನಲ್ಲಿ ಸುಣ್ಣ ಸಿಡಿಯುತ್ತದೆ. ಹಿಡಿಗೆ ಅರ್ಧ ಚೆಂಡು ತೂರಿಸಲು ಎಷ್ಟು ಹೊತ್ತು ಬೇಕು? ಕನ್ನಡಕ ಬಣ್ಣದ ಅಂಗಡಿಯಲ್ಲೇ ಸಿಗುತ್ತದೆ. ಇಷ್ಟಾದ ಮೇಲೂ ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಎಣ್ಣೆ ಹಾಲು ಏನೂ ಹಾಕಬೇಡಿ. ಆ ಕ್ಷಣವೇ ಶುದ್ಧ ನೀರಿನಲ್ಲಿ ಅರ್ಧ ಗಂಟೆ ಬಿಡದೆ ತೊಳೆದು ಆಸ್ಪತ್ರೆಗೆ ಓಡಿ.

ಇನ್ನೊಂದು ಕೆಲಸ ಇದೆ, ಅದನ್ನು ನಾಳೆಗೆ ಇಡಬೇಡಿ. ಈ ಕಾಗದವನ್ನು ಕೈಯಲ್ಲೇ ಹಿಡಿದುಕೊಳ್ಳಿ. ಅಂಗೈಯಿಂದ ಒಂದು ಕಣ್ಣು ಮುಚ್ಚಿ ಓದಿ. ಆಮೇಲೆ ಇನ್ನೊಂದು ಮುಚ್ಚಿ ಓದಿ. ಓದು ಬಾರದವರಿಗೆ ಗೋಡೆಯ ಕ್ಯಾಲೆಂಡರಿನ ಚಿತ್ರ ತೋರಿಸಿ. ಎರಡರಲ್ಲಿ ಯಾವುದಾದರೂ ಒಂದರಲ್ಲಿ ಮಸುಕು ಕಂಡರೂ ನಾಳೆ ಬೆಳಿಗ್ಗೆಯ ಮೊದಲ ಬಸ್ಸಿಗೆ ಕಣ್ಣಿನ ಡಾಕ್ಟರ ಹತ್ತಿರ ಹೊರಡಿ.