ಎಣ್ಣೆ ಬೆಳ್ಳಗಾಗುವವರೆಗೆ

"ಉಗಿ, ನೋಡ್ತೀನಿ" ಎಂದು ಷಣ್ಮುಖಪ್ಪ ಬಚ್ಚಲ ಮೋರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

ಕಾಶಮ್ಮ ಉಗಿದಳು. ಅಷ್ಟು ಹೊತ್ತು ಬಾಯಲ್ಲಿ ತಿರುಗಿಸಿದ್ದ ಸೂರ್ಯಕಾಂತಿ ಎಣ್ಣೆ ಲೋಳೆಯಾಗಿ, ಎಳೆ ಎಳೆಯಾಗಿ ತುಟಿಯಿಂದ ಜೋತುಬಿತ್ತು. ಅದನ್ನು ಬೆರಳಿನಿಂದ ಕಡಿದು, ನೋಡಲಾರದೆ ಮುಖ ಆಚೆ ತಿರುಗಿಸಿದಳು. ಗಂಡ ಮಾತ್ರ ಕನ್ನಡಕ ಸರಿಮಾಡಿಕೊಂಡು ಆ ಹೊಲಸನ್ನು ಪಂಚಾಂಗ ನೋಡಿದ ಹಾಗೆ ನೋಡಿದ.

"ಇನ್ನೂ ಹಳದಿ ಐತೆ. ಹಾಲಿನಂಗೆ ಬೆಳ್ಳಗಾಗ್ಬೇಕು. ಇನ್ನೊಂದು ಚಮಚ ಹಾಕ್ಕೊ."

"ರಕ್ತ ಬರ್ತೈತಲ್ರೀ."

"ವಿಷ ಹೊರಗೆ ಬರ್ತೈತೆ ಮಾರಾಯ್ತಿ. ಬರ್ಲಿ ಬಿಡು."

ಷಣ್ಮುಖಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುತ್ತಿದ್ದವನು. ಚೆನ್ನಾಗಿದ್ದರೆ ಸೀಮೆಸುಣ್ಣದಲ್ಲಿ ಪಾಸು, ಇಲ್ಲದಿದ್ದರೆ ವಾಪಸು. ರಿಟೈರ್ ಆದಮೇಲೆ ಪರೀಕ್ಷಿಸಲು ಏನೂ ಇಲ್ಲದೆ ಒದ್ದಾಡುತ್ತಿದ್ದವನಿಗೆ ಯಾರದೋ ಮದುವೆಮನೆಯಲ್ಲಿ ಎಣ್ಣೆ ಮುಕ್ಕಳಿಸುವ ಮಹಿಮೆಯ ಜೆರಾಕ್ಸ್ ಹಾಳೆ ಸಿಕ್ಕಿತು. ಕಾಶಮ್ಮನ ವಸಡು ಊದಿಕೊಂಡದ್ದೂ ಅದೇ ಹೊತ್ತಿಗೆ. ಇನ್ನೇನು ಬೇಕು? ಹೆಂಡತಿಯ ಬಾಯೇ ಅವನ ಕಾರ್ಖಾನೆಯಾಯಿತು.

ಅವಳಿಗೆ ರೊಟ್ಟಿ ಕಡಿಯಲಾಗುತ್ತಿರಲಿಲ್ಲ. ಬಾಯಿ ನಾರುತ್ತದೆಂದು ಪಕ್ಕದ ಮನೆ ಯಲ್ಲಮ್ಮನ ಜೊತೆಗೂ ಸೆರಗು ಅಡ್ಡ ಹಿಡಿದೇ ಮಾತು. ಶಿವಮೊಗ್ಗದ ವಿನೋಬನಗರದಲ್ಲಿ ಒಳ್ಳೇ ಹಲ್ಲಿನ ಡಾಕ್ಟರಿದ್ದಾರೆ, ಇರುವ ಹಲ್ಲು ಉಳಿದರೆ ಸಾಕು ಎಂದು ಎಷ್ಟು ಗೋಗರೆದರೂ ಒಂದೇ ಉತ್ತರ: "ಕೀಳೋದೇ ಅವರ ಕಸುಬು. ಎಣ್ಣೆ ಬೆಳ್ಳಗಾಗ್ಲಿ, ಆಮೇಲೆ ನೋಡನ."

ಒಂದು ಬೆಳಿಗ್ಗೆ ಅವಳು ಉಗಿದಾಗ ಬಚ್ಚಲ ಕಲ್ಲಿನ ಮೇಲೆ ಟಣ್ಣೆಂದಿತು. ಬಿಳೀ ನೊರೆಯ ನಡುವೆ, ಕೀವು ಮೆತ್ತಿಕೊಂಡ ಒಂದು ಹಲ್ಲು.

ಷಣ್ಮುಖಪ್ಪನ ಬಾಯಲ್ಲಿ ಅವನ ಪಾಲಿನ ಎಣ್ಣೆಯಿತ್ತು. ಮುಗಿಯುವವರೆಗೆ ಅವನದು ಮೌನವ್ರತ. ಕೆನ್ನೆ ಉಬ್ಬಿಸಿಕೊಂಡೇ ಬಗ್ಗಿದ. ನೊರೆ ನೋಡಿದ. ಹಲ್ಲನ್ನೂ ನೋಡಿದ. ಆಮೇಲೆ ಅವನ ಮುಖ ಅರಳಿತು. ಹೆಬ್ಬೆರಳು ಎತ್ತಿ ತೋರಿಸಿದ. ಪಾಸು.

"ಹಲ್ಲು ಕಣ್ಣಿಗೆ ಬೀಳ್ಲಿಲ್ವೇನ್ರೀ ನಿಮ್ಗೆ?"

ಅವನು ಹೆಬ್ಬೆರಳು ಇಳಿಸದೆ, ಇನ್ನೊಂದು ಕೈಯಿಂದ ನೊರೆಯ ಬಿಳುಪನ್ನೇ ಮತ್ತೆ ಮತ್ತೆ ತೋರಿಸಿದ.

ಇಷ್ಟು ದಿನ ಎಣ್ಣೆಯ ಮೇಲಿದ್ದ ಹೇಸಿಗೆಯೆಲ್ಲ ಆ ಕ್ಷಣ ಈ ಮನುಷ್ಯನ ಮೇಲೆ ತಿರುಗಿತು. ಇವನು ಉಂಡ ತಟ್ಟೆಯಲ್ಲೇ ತಾನು ಉಂಡದ್ದು, ಇವನ ಪಕ್ಕದಲ್ಲಿ ಮಲಗಿದ್ದು ನೆನೆದರೂ ಮೈ ಮುಳ್ಳೆದ್ದಿತು.

"ನೀವು ಮುಕ್ಕಳಿಸ್ತಾ ಇರಿ. ನಾನು ಶಿವಮೊಗ್ಗಕ್ಕೆ ಹೋಗ್ತೀನಿ."

ಸೀರೆಯನ್ನೂ ಬದಲಿಸದೆ ಹೊರಟಳು. ಗೇಟಿನವರೆಗೆ ಹಿಂದೆಯೇ "ಹ್ಞೂಂ, ಹ್ಞೂಂ" ಎಂದು ಬಂದವನು, ಬೀದಿಯಲ್ಲಿ ಯಲ್ಲಮ್ಮ ನಿಂತದ್ದು ಕಂಡು, ಉಗಿಯಲೂ ಆಗದೆ ಕೂಗಲೂ ಆಗದೆ ನಿಂತುಬಿಟ್ಟ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಬಾಯೊಳಗೆ ದೀಪ ಬಿಟ್ಟು ನೋಡುತ್ತಲೇ ಮುಖ ಗಂಟಿಕ್ಕಿದರು. "ಇಷ್ಟು ದಿನ ಯಾಕಮ್ಮ ಬಿಟ್ರಿ? ಇನ್ನೆರಡು ಅಲ್ಲಾಡ್ತಿದಾವೆ. ಉಳಿದವನ್ನ ಉಳಿಸ್ಬಹುದು."

ವಸಡು ಕ್ಲೀನ್ ಮಾಡಿ, "ಮುಕ್ಕಳಿಸಿ ಉಗೀರಿ" ಎಂದರು.

ಕಾಶಮ್ಮ ಕುರ್ಚಿಯ ಪಕ್ಕದ ಬಟ್ಟಲಿಗೆ ಉಗಿದಳು. ನೀರು ಅದನ್ನೆಲ್ಲ ಎಳೆದುಕೊಂಡು ಹೋಯಿತು. ಡಾಕ್ಟರು ಆಗಲೇ ಬೆನ್ನು ತಿರುಗಿಸಿ ಕೈ ತೊಳೆಯುತ್ತಿದ್ದರು.

ಅವಳು ಖಾಲಿ ಬಟ್ಟಲಿನ ಮುಂದೆ, ಯಾರಾದರೂ ಬಂದು ನೋಡಲಿ ಎಂಬಂತೆ, ತಲೆ ಬಗ್ಗಿಸಿಕೊಂಡು ಕಾಯುತ್ತಲೇ ಇದ್ದಳು.